ಕುಂಬಳದ ಬಳ್ಳಿಗೆ ಬೆಳಗಿನ ಒಂದು ಗಂಟೆ



ಹಿತ್ತಲಿನ ತರಕಾರಿಯ ಬಗ್ಗೆ ನಾಲ್ಕು ಮಾತು ಆಡುವವರು ಯಾರೇ ಆಗಲಿ, ಅವರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. "ಕುಂಬಳದ ಬಳ್ಳಿ ಸೊಂಪಾಗಿ ಬೆಳೆಯಿತು. ಬೇಲಿ ಹತ್ತಿತು, ಬಚ್ಚಲುಮನೆಯ ಸೂರು ಹತ್ತಿತು, ಪಕ್ಕದ ಮನೆಯವರ ಕಾಂಪೌಂಡಿಗೂ ಇಳಿಯಿತು. ಹೂವೂ ಮೈತುಂಬ ಬಿಟ್ಟಿತು. ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ. ಯಾವ ಗೊಬ್ಬರ ಹಾಕಬೇಕು?" ಬಳ್ಳಿ ತಮಗೆ ಮೋಸ ಮಾಡಿತೆಂಬ ದೂರು ಕೇಳುವವರ ದನಿಯಲ್ಲಿರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಏನಾದರೊಂದು ಪೊಟ್ಟಣ ಕಟ್ಟಿಕೊಡದೆ ಬಿಡುವುದಿಲ್ಲ. ನನ್ನ ಉತ್ತರ ಬೇರೆ. ಅಂಥ ಬಳ್ಳಿಗೆ ಗೊಬ್ಬರ ಸಾಮಾನ್ಯವಾಗಿ ಹೆಚ್ಚೇ ಆಗಿರುತ್ತದೆ. ಬೆಳಗ್ಗೆ ಆರರಿಂದ ಎಂಟರ ನಡುವೆ ಅದರ ಹತ್ತಿರ ಯಾರೂ ಸುಳಿದಿರುವುದಿಲ್ಲ, ಅದೇ ಕೊರತೆ. ಜೇನು ಸುಳಿಯಬೇಕು, ಜೇನು ಬಾರದಿದ್ದರೆ ನೀವು ಸುಳಿಯಬೇಕು. ಈ ಹೊತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ. ಗುಂಡಿ, ಬೀಜ, ನೀರು, ಹುಳ, ಇವೆಲ್ಲ ಅದರ ಹಿಂದುಮುಂದು ಬರುತ್ತವೆ.

ಮೊದಲು ಯಾವ ಕುಂಬಳ ಎಂಬುದು ಇತ್ಯರ್ಥವಾಗಲಿ. ಬೂದುಗುಂಬಳ ನಮ್ಮ ಹಳೆಯ ನಂಟ. ಅದು ಏಷ್ಯಾದ್ದೇ ಬಳ್ಳಿ. ಆಯುರ್ವೇದದವರು ಕೂಷ್ಮಾಂಡ ಎಂದು ಕರೆದು ಲೇಹ್ಯ ಮಾಡಿದ್ದು ಇದರಿಂದಲೇ. ಸಿಹಿಗುಂಬಳ ಹಾಗಲ್ಲ. ಹಳೇ ಮೈಸೂರಿನವರು ಸಿಹಿಗುಂಬಳ ಎಂದು, ಉಡುಪಿ ಮಂಗಳೂರಿನವರು ಚೀನಿಕಾಯಿ ಎಂದು, ತುಳುವರು ಕೆಂಬುಡೆ ಎಂದು ಕರೆಯುವ ಈ ಕಾಯಿ ಅಮೆರಿಕಾ ಖಂಡದಿಂದ ಬಂದದ್ದು. ಕೊಲಂಬಸ್ ಹೋಗಿಬಂದ ಮೇಲೆ ಮೆಣಸಿನಕಾಯಿ, ಆಲೂಗಡ್ಡೆಗಳ ಜೊತೆ ಹಡಗು ಹತ್ತಿದ ಪೈಕಿ ಇದೂ ಒಂದು. ಮೆಕ್ಸಿಕೋ ದೇಶದ ವಹಾಕಾ ಪ್ರಾಂತದ ಗುಹೆಯೊಂದರಲ್ಲಿ ಇದರ ದಾಯಾದಿ ಜಾತಿಯ ಬೀಜಗಳು ಸಿಕ್ಕಿವೆ. ಸುಮಾರು 10,000 ವರ್ಷ ಹಿಂದೆ ಮನುಷ್ಯರು ಬೆಳೆಸಿದ ಬಳ್ಳಿಯವು. ಆ ಖಂಡದಲ್ಲಿ ಮೆಕ್ಕೆಜೋಳಕ್ಕಿಂತ ಮೊದಲೇ ಜನ ಕುಂಬಳದ ಬಳ್ಳಿಯನ್ನು ಪಳಗಿಸಿದ್ದರು. ಬೂದುಗುಂಬಳಕ್ಕೂ ಸಿಹಿಗುಂಬಳಕ್ಕೂ ಕುಟುಂಬ ಒಂದೇ, ಕುಲ ಬೇರೆ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಹಾಕಿದರೆ ತಳಿ ಕೆಡುತ್ತದೆಂಬ ಹೆದರಿಕೆ ಬೇಡ. ಒಂದರ ಪರಾಗ ಇನ್ನೊಂದರಲ್ಲಿ ಬೀಜ ಕಟ್ಟುವುದಿಲ್ಲ.

ಮನೆ ಮಟ್ಟಿಗೆ ಸಿಹಿಗುಂಬಳ ಹಾಕುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿಗಳನ್ನು ಹೇಳಬಹುದು. ಅರ್ಕಾ ಚಂದನ್ ಎರಡು ಮೂರು ಕಿಲೋ ತೂಗುವ, ಒಳಗೆ ಗಾಢ ಕಿತ್ತಳೆ ಬಣ್ಣದ ತಿರುಳಿರುವ ಚಪ್ಪಟೆ ಕಾಯಿ. ನಾಲ್ಕು ತಿಂಗಳಲ್ಲಿ ಕೊಯ್ಲು. ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಒಂದು ಕಿಲೋ ಆಸುಪಾಸು. ಹಣ್ಣುನೊಣವನ್ನು ತಡೆದುಕೊಳ್ಳುವ ಗುಣ ಅದಕ್ಕಿದೆ. ಮೂರು ನಾಲ್ಕು ಜನರ ಸಂಸಾರಕ್ಕೆ ಒಂದು ಕಿಲೋದ ಕಾಯಿಯೇ ಲೇಸು. ಎಂಟು ಕಿಲೋ ಕುಂಬಳವನ್ನು ಒಡೆದ ಮನೆಯಲ್ಲಿ ಮೂರನೆಯ ದಿನಕ್ಕೆ ಮಕ್ಕಳು ಊಟಕ್ಕೆ ಕೂತಾಗ ಮಾಡುವ ಮುಖ ನೋಡಿದವರಿಗೆ ಗೊತ್ತು.

ಬಯಲುಸೀಮೆಯಲ್ಲಿ ಜೂನ್ ಜುಲೈ ಒಂದು ಹಂಗಾಮು, ಜನವರಿ ಇನ್ನೊಂದು. ಮಲೆನಾಡು, ಕರಾವಳಿಯವರು ಮೇ ಕೊನೆಯ ವಾರ, ರೋಹಿಣಿ ಮಳೆಯ ಸುಮಾರಿಗೆ ಬೀಜ ಊರುವುದು ವಾಡಿಕೆ. ಜಡಿಮಳೆ ಹಿಡಿಯುವ ಹೊತ್ತಿಗೆ ಬಳ್ಳಿ ಬೇರೂರಿ ಗಟ್ಟಿಯಾಗಿರಬೇಕು ಎಂಬುದು ಅದರ ಲೆಕ್ಕ. ಆಷಾಢದ ಮಳೆಯಲ್ಲಿ ಬಿಟ್ಟ ಹೂವಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಮಳೆಯಲ್ಲಿ ಜೇನು ಗೂಡು ಬಿಟ್ಟು ಹೊರಡುವುದಿಲ್ಲ, ಪರಾಗವೂ ನೆನೆದು ಹಾಳಾಗುತ್ತದೆ. ಮಳೆ ಹೊಳವಾದ ಮೇಲೆ ಬಿಡುವ ಹೂವೇ ಕಾಯಿಯಾಗುವುದು.

ಗುಂಡಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಮೇಲ್ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಇಷ್ಟನ್ನು ಬೆರೆಸಿ ತುಂಬಿ. ಮಳೆಗಾಲವಾದರೆ ಗುಂಡಿಯ ಬಾಯಿ ನೆಲಕ್ಕಿಂತ ಒಂದು ಗೇಣು ಎತ್ತರ ಇರಲಿ, ಬುಡದಲ್ಲಿ ನೀರು ನಿಂತರೆ ಬೀಜ ಕೊಳೆಯುತ್ತದೆ. ರಾತ್ರಿ ನೆನೆಸಿದ ನಾಲ್ಕೈದು ಬೀಜಗಳನ್ನು ಬೆರಳ ಗೆಣ್ಣಿನಷ್ಟು ಆಳಕ್ಕೆ ಊರಿದರೆ ವಾರದೊಳಗೆ ಮೊಳಕೆ ಏಳುತ್ತದೆ. ಎರಡನ್ನು ಉಳಿಸಿ ಮಿಕ್ಕವನ್ನು ಕಿತ್ತುಬಿಡಿ. ಇದು ಅನೇಕರಿಗೆ ಕರುಳು ಕಿವುಚುವ ಕೆಲಸ. ಐದನ್ನೂ ಉಳಿಸಿಕೊಂಡವರಿಗೆ ಸಿಕ್ಕುವುದು ಎಲೆ ಮಾತ್ರ. ಇನ್ನೊಂದು ಗುಂಡಿ ಬೇಕೆಂದರೆ ಎಂಟು ಅಡಿ ದೂರ ಹೋಗಿ.

ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳವೇ ಚೆನ್ನಾಗಿ ಬರುತ್ತದೆ ಎಂಬ ಮಾತಿದೆ. ಸುಳ್ಳೇನಲ್ಲ. ಈ ಬಳ್ಳಿ ಹೊಟ್ಟೆಬಾಕ. ಆದರೆ ಅದಕ್ಕೆ ಬೇಕಾದದ್ದು ನಿಧಾನವಾಗಿ ಕರಗುವ ಕಳಿತ ಗೊಬ್ಬರ. ಯೂರಿಯಾ ಸುರಿದರೆ ಎಲೆ ತಟ್ಟೆಯಗಲ ಆಗುತ್ತದೆ, ಹಂಬು ಓಡುತ್ತದೆ, ಕಾಯಿ ಕಟ್ಟುವ ಹೂ ತಡವಾಗುತ್ತದೆ. ಮೊದಲ ಹೆಣ್ಣು ಹೂ ಕಂಡ ಮೇಲೆ ಬುಡಕ್ಕೆ ಇನ್ನೊಂದು ಬುಟ್ಟಿ ಗೊಬ್ಬರ ಕೊಟ್ಟರೆ ಸಾಕು. ಹಂಬು ನೆಲದ ಮೇಲೆ ಹರಿಯುವಾಗ ಗೆಣ್ಣುಗಳಲ್ಲಿ ಬೇರು ಇಳಿಯುತ್ತದೆ. ಅಲ್ಲಲ್ಲಿ ಗೆಣ್ಣಿನ ಮೇಲೆ ಒಂದು ಬೊಗಸೆ ಮಣ್ಣು ಹಾಕಿ. ಬಳ್ಳಿಗೆ ಅಷ್ಟು ಕಡೆಯಿಂದ ಊಟ ಸಿಗುತ್ತದೆ, ಗಾಳಿಗೆ ಹೊರಳುವುದೂ ತಪ್ಪುತ್ತದೆ.

ನೀರಿನ ವಿಷಯದಲ್ಲಿ ಒಂದು ಮಾತು. ಬೇಸಿಗೆಯ ಮಧ್ಯಾಹ್ನ ಕುಂಬಳದ ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ನೋಡಿದವರು ಅಯ್ಯೋ ಎಂದು ಒಂದು ಬಿಂದಿಗೆ ನೀರು ಸುರಿಯುತ್ತಾರೆ. ಅಷ್ಟು ಅಗಲದ ಎಲೆಯಿಂದ ಆವಿಯಾಗುವ ನೀರಿನ ವೇಗಕ್ಕೆ ಬೇರು ಆ ಹೊತ್ತಿನಲ್ಲಿ ಸರಿಸಾಟಿಯಾಗಲಾರದು, ಅಷ್ಟೇ. ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ಸಂಜೆ ಐದೂವರೆಗೆ ಹೋಗಿ ನೋಡಿ: ಎಲೆ ಎದ್ದು ನಿಂತಿದ್ದರೆ ನೀರು ಬೇಡ. ಆಗಲೂ ಜೋತಿದ್ದರೆ ಬುಡಕ್ಕೆ ನೀರು ಕೊಡಿ, ಎಲೆಗೆ ಸಿಂಪಡಿಸಬೇಡಿ. ರಾತ್ರಿಯಿಡೀ ಒದ್ದೆಯಾಗಿರುವ ಎಲೆ ರೋಗವನ್ನು ಕರೆಯುತ್ತದೆ.

ಇನ್ನು ಹೂವು. ಬಿತ್ತಿ ಒಂದೂವರೆ ತಿಂಗಳಾಗುವಾಗ ಹೂ ಶುರು. ಮೊದಲು ಬರುವುದೆಲ್ಲ ಗಂಡು ಹೂ. ಒಂದು ವಾರ, ಹತ್ತು ದಿನ, ಸೆಖೆ ಜಾಸ್ತಿಯಿದ್ದರೆ ಇನ್ನೂ ಹೆಚ್ಚು ದಿನ ಬರೀ ಗಂಡು ಹೂವೇ ಬಿಟ್ಟು ಉದುರುತ್ತದೆ. "ಹೂವೆಲ್ಲ ಉದುರಿಹೋಯಿತು" ಎಂದು ಕಂಗಾಲಾಗುವವರು ನೋಡಿರುವುದು ಇದನ್ನೇ. ಉದುರುವುದು ಗಂಡು ಹೂವಿನ ಧರ್ಮ. ಆಮೇಲೆ ಹೆಣ್ಣು ಹೂ ಬರುತ್ತದೆ. ಎರಡರ ಗುರುತು ಸುಲಭ. ಗಂಡು ಹೂವಿಗೆ ಸಪೂರ, ಉದ್ದನೆಯ ತೊಟ್ಟು. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ. ಎಸಳಿನ ಕೆಳಗೆ ಗೋಲಿಯಷ್ಟು ದೊಡ್ಡ ಪುಟಾಣಿ ಕುಂಬಳಕಾಯಿ ಆಗಲೇ ಕೂತಿರುತ್ತದೆ, ಗೆರೆ ಸಮೇತ. ಹೂ ಬಗ್ಗಿಸಿ ಒಳಗೆ ನೋಡಿ. ಗಂಡು ಹೂವಿನ ನಡುವೆ ಒಂದೇ ಒಂದು ಹಳದಿ ಕಡ್ಡಿ ನಿಂತಿರುತ್ತದೆ, ಮುಟ್ಟಿದರೆ ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿ ಬರುತ್ತದೆ. ಹೆಣ್ಣು ಹೂವಿನಲ್ಲಿ ದಪ್ಪಗೆ ಮಡಿಕೆ ಮಡಿಕೆಯಾದ ಮೂರು ಹೋಳಿನ ಗುಬುಟು. ಅದರ ಮೈ ತುಸು ಜಿಗುಟು.

ಆ ಪರಾಗ ದಪ್ಪ ಕಾಳಿನದು, ಅಂಟು. ಜೋಳದ ಪರಾಗವಾದರೆ ಗಾಳಿಯಲ್ಲಿ ಹಾರುತ್ತದೆ, ಇದು ಹಾರುವುದಿಲ್ಲ. ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಹೂ ಅರಳುವುದು ನಸುಕಿನಲ್ಲಿ, ಮುದುಡುವುದು ಹತ್ತು ಗಂಟೆಯ ಸುಮಾರಿಗೆ. ಬಿಸಿಲು ಚುರುಕಾಗಿದ್ದರೆ ಅದಕ್ಕೂ ಮುಂಚೆ. ಮರುದಿನ ಅದೇ ಹೂ ಮತ್ತೆ ಅರಳುವುದಿಲ್ಲ. ಒಂದು ಹೆಣ್ಣು ಹೂವಿನ ಇಡೀ ಆಯುಷ್ಯದಲ್ಲಿ ಕಾಯಿ ಕಟ್ಟಲು ಇರುವ ಅವಕಾಶ ಆ ಮೂರು ನಾಲ್ಕು ತಾಸು ಮಾತ್ರ. ಅದರಲ್ಲೂ ಒಂದು ಜೇನು ಒಂದು ಸಲ ಬಂದು ಹೋದರೆ ಸಾಲದು. ಕಾಯಿಯೊಳಗೆ ನೂರಾರು ಬೀಜ, ಬೀಜಕ್ಕೊಂದು ಪರಾಗದ ಕಣ ಬೇಕು. ಹಲವು ಸಲ ಜೇನು ಬಂದು ಕೂತ ಹೂವಿನದು ದುಂಡನೆಯ ಕಾಯಿ. ಅರೆಬರೆ ಪರಾಗ ಬಿದ್ದದ್ದು ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ಸೊಟ್ಟಗಾಗುತ್ತದೆ. ಏನೂ ಬೀಳದಿದ್ದರೆ ಮಿಡಿ ನಿಂಬೆಗಾತ್ರಕ್ಕೆ ಬಂದು ಹಳದಿ ತಿರುಗಿ, ತುದಿಯಿಂದ ಕೊಳೆತು ಬೀಳುತ್ತದೆ.

ಅಮೆರಿಕಾದಲ್ಲಿ ಕುಂಬಳದ ಹೂವನ್ನೇ ನಂಬಿಕೊಂಡ ಒಂಟಿ ಜೇನಿನ ಜಾತಿಯೊಂದಿದೆ. ಹೆಣ್ಣು ಜೇನುಗಳು ಕತ್ತಲು ಹರಿಯುವ ಮೊದಲೇ ಹೂವಿಗೆ ಬರುತ್ತವೆ. ಗಂಡುಗಳಿಗೆ ಗೂಡಿಲ್ಲ, ಮುದುಡಿದ ಹೂವಿನೊಳಗೇ ನಿದ್ದೆ. ಮಧ್ಯಾಹ್ನ ಅಂಥ ಹೂವನ್ನು ಹಿಚುಕಿದರೆ ಒಳಗಿನಿಂದ ಗುಂಯ್ ಅನ್ನುತ್ತದೆ. ಬಳ್ಳಿಯೇನೋ ಸಮುದ್ರ ದಾಟಿ ನಮ್ಮಲ್ಲಿಗೆ ಬಂತು, ಆ ಜೇನು ಬರಲಿಲ್ಲ. ಇಲ್ಲಿ ಅದರ ಕೆಲಸವನ್ನು ನಮ್ಮ ತುಡುವೆ, ಹೆಜ್ಜೇನು, ಕೋಲುಜೇನು, ಮಿಸರಿಗಳು ವಹಿಸಿಕೊಂಡಿವೆ. ಅವು ಯಾವುದೇ ಒಂದು ಹೂವಿಗೆ ನಿಷ್ಠೆಯಿಟ್ಟು ಕೂತವಲ್ಲ. ಹತ್ತಿರದಲ್ಲಿ ಹೊಂಗೆಯೋ ನೇರಳೆಯೋ ಹೂ ಬಿಟ್ಟಿದ್ದರೆ ಮೊದಲು ಅತ್ತ ಹೋಗುತ್ತವೆ. ಊರ ನಡುವೆ, ನಾಲ್ಕು ಕಡೆ ಸಿಮೆಂಟು ಕಟ್ಟಡ ಎದ್ದ ಕಡೆ, ಅವು ಸುಳಿಯುವುದೇ ಅಪರೂಪ.

ಅಂಥ ಕಡೆ ಜೇನಿನ ಕೆಲಸ ಮನೆಯವರದು. ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ, ಮರುದಿನ ಅರಳುವ ಮೊಗ್ಗಿನ ತುದಿ ಹಳದಿ ತಿರುಗಿ ಉಬ್ಬಿರುತ್ತದೆ. ಬೆಳಗ್ಗೆ ಆರೂವರೆ ಏಳಕ್ಕೆ ಅದೇ ದಿನ ಅರಳಿದ ಗಂಡು ಹೂವೊಂದನ್ನು ತೊಟ್ಟು ಸಮೇತ ಕಿತ್ತು, ಎಸಳು ಹರಿದುಹಾಕಿ. ಕೈಯಲ್ಲಿ ತೊಟ್ಟಿನ ತುದಿಗೆ ಹಳದಿ ಕಡ್ಡಿ ಮಾತ್ರ ಉಳಿಯುತ್ತದೆ. ಅದನ್ನು ಹೆಣ್ಣು ಹೂವಿನ ಗುಬುಟಿನ ಮೂರೂ ಹೋಳಿಗೆ ಮೆಲ್ಲಗೆ ಒರೆಸಿ. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂ ಬಳಸಿದರೆ ಇನ್ನೂ ಒಳ್ಳೆಯದು. ನಾಲ್ಕೈದು ದಿನದಲ್ಲಿ ಮಿಡಿ ತೊಟ್ಟು ಬಗ್ಗಿಸಿ ನೆಲದತ್ತ ವಾಲಿ ಹಿಗ್ಗತೊಡಗಿದರೆ ಕೆಲಸ ಆಯಿತೆಂದು ಲೆಕ್ಕ. ಬೇಕಾದ ಖರ್ಚು ಬೆಳಗಿನ ನಿದ್ದೆ ಮಾತ್ರ.

ಕುಂಬಳದ ಮಿಡಿಗೆ ಬೆರಳು ಮಾಡಿ ತೋರಿಸಬಾರದು, ತೋರಿಸಿದರೆ ಕೊಳೆತುಹೋಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಈಗಲೂ ಮಕ್ಕಳನ್ನು ಗದರಿಸುತ್ತಾರೆ. "ಬೆರಳು ಮಡಿಚ್ಕೊಂಡು ತೋರ್ಸೇ ಹುಡುಗಿ" ಎನ್ನುವ ಅಜ್ಜಿಯರು ಪ್ರತಿ ಊರಿನಲ್ಲೂ ಇದ್ದಾರೆ. ಈ ನಂಬಿಕೆ ನಮ್ಮಲ್ಲಷ್ಟೇ ಇರುವುದಲ್ಲ. ಹದಿನಾರನೆಯ ಶತಮಾನದ ತುಳಸೀದಾಸರ ರಾಮಚರಿತಮಾನಸದಲ್ಲಿ, ಬಿಲ್ಲು ಮುರಿದ ಸಿಟ್ಟಿಗೆ ಬಂದ ಪರಶುರಾಮನಿಗೆ ಲಕ್ಷ್ಮಣ ಕೊಡುವ ಉತ್ತರದಲ್ಲಿ ಇದೇ ಬರುತ್ತದೆ: ತೋರುಬೆರಳು ಕಂಡರೆ ಸತ್ತುಹೋಗುವ ಕುಂಬಳದ ಮಿಡಿಗಳು ಇಲ್ಲಿ ಯಾರೂ ಇಲ್ಲ ಎಂಬ ಅರ್ಥದ ಮಾತು. ಜೇನು ಮುಟ್ಟದ ಮಿಡಿ ಹೇಗೂ ಕೊಳೆಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಬೆರಳು ತೋರಿಸಿಯೇ ಇರುತ್ತಾರೆ, ಅಪವಾದ ಅವರ ಮೇಲೆ. ಆದರೂ ಆ ಅಜ್ಜಿಯರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಎಳೆಮಿಡಿಯನ್ನು ದಿನಾ ಮುಟ್ಟಿ, ತಿರುಗಿಸಿ, ಹಿಚುಕಿ ನೋಡುವ ಮಕ್ಕಳಿಂದ ಅದನ್ನು ಕಾಪಾಡಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇರಲಿಲ್ಲ.

ಬಳ್ಳಿ ನಾಲ್ಕೈದು ಅಡಿ ಉದ್ದವಾದಾಗ ಮುಖ್ಯ ಹಂಬಿನ ಕುಡಿ ಚಿವುಟಬೇಕು. ಆಗ ಪಕ್ಕದ ಹಂಬುಗಳು ಒಡೆಯುತ್ತವೆ, ಹೆಣ್ಣು ಹೂ ಹೆಚ್ಚಾಗಿ ಬರುವುದು ಆ ಹಂಬುಗಳಲ್ಲೇ. ಚಿವುಟಿದ ಕುಡಿಯ ಪಲ್ಯ ಮಾಡುವ ಮನೆಗಳಲ್ಲಿ ಈ ಕೆಲಸ ಯಾರೂ ಹೇಳಿಕೊಡದೆ ನಡೆದುಕೊಂಡು ಬಂದಿದೆ. ಒಂದು ಬಳ್ಳಿಯಲ್ಲಿ ಮೂರು ನಾಲ್ಕು ಕಾಯಿ ನಿಂತರೆ ತೃಪ್ತಿಪಡಿ. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಎಂಬ ಊರಿನ ಸ್ಪರ್ಧೆಯಲ್ಲಿ 1,247 ಕಿಲೋ ತೂಗಿದ ಒಂದೇ ಕುಂಬಳಕಾಯಿ ವಿಶ್ವದಾಖಲೆಯಾಯಿತು. ಬಳ್ಳಿಯ ಮಿಕ್ಕ ಮಿಡಿಗಳನ್ನೆಲ್ಲ ಕಿತ್ತು ಒಂದಕ್ಕೇ ಎಲ್ಲವನ್ನೂ ಉಣಿಸುವುದು ಅಲ್ಲಿಯ ವಿದ್ಯೆ. ಕ್ರೇನಿನಿಂದ ಎತ್ತಬೇಕಾದ ತರಕಾರಿ ನನ್ನ ಪ್ರಕಾರ ತರಕಾರಿಯಲ್ಲ.

ಕೀಟಗಳಲ್ಲಿ ಎರಡನ್ನು ಹೇಳಿದರೆ ಮುಕ್ಕಾಲು ಪಾಲು ಹೇಳಿದಂತೆ. ಮೊದಲನೆಯದು ಕೆಂಪು ದುಂಬಿ. ಮೊಳಕೆಯ ಎರಡೆಲೆ ಬಿಡುವಾಗಲೇ ಬಂದು ಎಲೆಯನ್ನು ತೂತು ತೂತು ಮಾಡುತ್ತದೆ. ಅದರ ಮರಿಹುಳ ಮಣ್ಣಿನೊಳಗೆ ಬೇರು ತಿನ್ನುತ್ತದೆ. ಇಬ್ಬನಿ ಇರುವ ಬೆಳಗಿನ ಹೊತ್ತು ದುಂಬಿಗೆ ಚುರುಕಾಗಿ ಹಾರಲಾಗುವುದಿಲ್ಲ. ಆಗ ಹಿಡಿದು ಸೋಪಿನ ನೀರಿಗೆ ಹಾಕಿ, ಒದ್ದೆ ಎಲೆಯ ಮೇಲೆ ಒಲೆಯ ಬೂದಿ ಉದುರಿಸಿ. ಐದಾರು ಎಲೆ ಬಂದ ಮೇಲೆ ಬಳ್ಳಿ ತಾನೇ ತಡೆದುಕೊಳ್ಳುತ್ತದೆ.

ಎರಡನೆಯದು ಹಣ್ಣುನೊಣ, ಇದೇ ಅಸಲಿ ಶತ್ರು. ಹೆಣ್ಣು ನೊಣ ಎಳೆಗಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟಿನ ಸಣ್ಣ ಹನಿ ಹೊರಬಂದು ಗಟ್ಟಿಯಾಗಿರುತ್ತದೆ, ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ. ಒಳಗೆ ಬಿಳಿ ಹುಳಗಳು ತಿರುಳು ತಿಂದು ಬೆಳೆದು, ಆಮೇಲೆ ನೆಲಕ್ಕೆ ಬಿದ್ದು ಮಣ್ಣಿನೊಳಗೆ ಕೋಶವಾಗುತ್ತವೆ. ಆದ್ದರಿಂದ ಹುಳ ಬಿದ್ದ ಕಾಯಿಯನ್ನು ಗಿಡದ ಬುಡಕ್ಕೋ ಗೊಬ್ಬರದ ಗುಂಡಿಗೋ ಎಸೆಯುವುದೆಂದರೆ ಮುಂದಿನ ಪೀಳಿಗೆಗೆ ನೀವೇ ಮನೆ ಕಟ್ಟಿಕೊಟ್ಟಂತೆ. ಎರಡು ಅಡಿ ಆಳಕ್ಕೆ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವಾರಗಟ್ಟಲೆ ಬಿಸಿಲಿಗೆ ಇಡಿ. ಮನೆಯ ಮಟ್ಟಿಗೆ ಇರುವ ಪಕ್ಕಾ ಉಪಾಯವೆಂದರೆ ಹೂ ಉದುರಿದ ಕೂಡಲೇ ಮಿಡಿಗೆ ಹಳೆಯ ಪತ್ರಿಕೆಯ ಚೀಲವನ್ನೋ ತೆಳು ಬಟ್ಟೆಯ ಚೀಲವನ್ನೋ ಕಟ್ಟುವುದು. ಸಿಪ್ಪೆ ಬಲಿತ ಮೇಲೆ ತೆಗೆಯಬಹುದು. ಬಲೆ ತೂಗುಹಾಕುವವರು ಒಂದು ಗಮನಿಸಿ. ಮಾವಿನ ತೋಟದಲ್ಲಿ ಬಳಸುವ ಬಲೆಯೊಳಗೆ ಇರುವುದು ಮೀಥೈಲ್ ಯುಜಿನಾಲ್. ಕುಂಬಳ, ಹಾಗಲ, ಸೌತೆಯ ನೊಣ ಅದಕ್ಕೆ ಬರುವುದಿಲ್ಲ. ಇದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಆಕರ್ಷಕ ಬೇಕು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಅದರಲ್ಲೂ ಸಿಕ್ಕುವುದು ಗಂಡು ನೊಣ ಮಾತ್ರ, ಹಾಗಾಗಿ ಚೀಲ ಕಟ್ಟುವ ಕೆಲಸ ತಪ್ಪುವುದಿಲ್ಲ.

ಏನೇ ಸಿಂಪಡಿಸುವುದಿದ್ದರೂ, ಬೇವಿನ ಎಣ್ಣೆಯೇ ಆಗಲಿ, ಹೂ ಮುದುಡಿದ ಮೇಲೆ ಸಂಜೆ ಸಿಂಪಡಿಸಿ. ಬೆಳಗ್ಗೆ ಏಳಕ್ಕೆ ಔಷಧಿ ಹೊಡೆದು ಎಂಟಕ್ಕೆ ಜೇನು ಬರಲಿಲ್ಲವೆಂದು ಗೊಣಗುವವರಿದ್ದಾರೆ.

ರೋಗಗಳಲ್ಲಿ ಬೂದಿರೋಗ ಎಲ್ಲರಿಗೂ ಗೊತ್ತು. ಆದರೆ ಸಿಹಿಗುಂಬಳದ ಅನೇಕ ತಳಿಗಳ ಎಲೆಯ ಮೇಲೆ, ನರ ಕವಲೊಡೆಯುವ ಕಡೆ, ಬೆಳ್ಳಿಬಣ್ಣದ ಮಚ್ಚೆಗಳು ಹುಟ್ಟಿನಿಂದಲೇ ಇರುತ್ತವೆ. ಅದು ರೋಗವಲ್ಲ. ಬೆರಳಿನಿಂದ ಒರೆಸಿ ನೋಡಿ: ಪುಡಿ ಎದ್ದು ಬಂದರೆ ಬೂದಿರೋಗ, ಬಾರದಿದ್ದರೆ ಬಣ್ಣ. ಬೂದಿರೋಗಕ್ಕೆ ಮನೆಯಲ್ಲೇ ಮದ್ದಿದೆ. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸುವಿನ ಹಾಲನ್ನು ನೀರಿಗೆ ಬೆರೆಸಿ ಕುಂಬಳದ ದಾಯಾದಿಯಾದ ಜುಕಿನಿ ಗಿಡಗಳಿಗೆ ವಾರಕ್ಕೆ ಎರಡು ಸಲ ಸಿಂಪಡಿಸಿದಾಗ ರೋಗ ಹತೋಟಿಗೆ ಬಂತು. ನೂರಕ್ಕೆ ಹತ್ತರಷ್ಟು ಹಾಲು ಸಾಕಾಗಿತ್ತು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು. ಎಲೆ ಚಿಕ್ಕದಾಗಿ ಮುರುಟಿ ಹಳದಿ ಹಸಿರು ಚಿತ್ತಾರ ಮೂಡಿದರೆ ಅದು ನಂಜು, ಬಿಳಿನೊಣವೋ ಸಸ್ಯಹೇನೋ ತಂದದ್ದು. ಅದಕ್ಕೆ ಮದ್ದಿಲ್ಲ. ಮರುಮಾತಿಲ್ಲದೆ ಬಳ್ಳಿ ಕಿತ್ತು ಸುಡಿ.

ಹಿತ್ತಲಿಲ್ಲದವರ ಮಾತೇನು? ತಾರಸಿಯ ಮೇಲೆ ದೊಡ್ಡ ಡ್ರಮ್ಮಿನಲ್ಲಿ ಒಂದು ಕಿಲೋ ತೂಕದ ತಳಿಯನ್ನು ಹಾಕಿ ಚಪ್ಪರಕ್ಕೆ ಹಬ್ಬಿಸಬಹುದು. ಕಾಯಿ ಬಲಿಯುವಾಗ ಈರುಳ್ಳಿ ಚೀಲದ ಬಲೆಯಲ್ಲಿ ಕೂರಿಸಿ ಚಪ್ಪರಕ್ಕೆ ಕಟ್ಟಬೇಕು. ಜಾಗ ಇನ್ನೂ ಕಡಿಮೆಯಿದ್ದರೆ ಜುಕಿನಿ ಹಾಕಿ. ಅದು ಹಬ್ಬುವುದಿಲ್ಲ, ಪೊದೆಯಾಗಿ ನಿಲ್ಲುತ್ತದೆ. ಕಾಯಿ ಗೇಣುದ್ದ ಆಗುವ ಮೊದಲೇ, ಹೂ ಬಿಟ್ಟು ವಾರದೊಳಗೆ ಕೊಯ್ಯಬೇಕು. ರುಚಿಯಲ್ಲಿ ಅದು ನಮ್ಮ ಎಳೆ ಸೋರೆಯ ಹತ್ತಿರ ಬರುತ್ತದೆ, ಬೆಲೆಯಲ್ಲಿ ಮಾತ್ರ ಬಹಳ ದೂರ. ಎತ್ತರದ ಮಹಡಿಯಲ್ಲಿ ಜೇನು ಹತ್ತದ ಕಡೆ ಇದಕ್ಕೂ ಕೈಯಿಂದಲೇ ಪರಾಗ ಒರೆಸಬೇಕು. ಬೆಂಗಳೂರಿನ ಹವೆಗೆ ಇವೆಲ್ಲಕ್ಕಿಂತ ಒಗ್ಗುವುದು ಸೀಮೆಬದನೆ. ಹೆಸರು ಬದನೆಯಾದರೂ ಅದು ಕುಂಬಳದ ಕುಟುಂಬದ್ದೇ, ಮೂಲ ಮೆಕ್ಸಿಕೋದ ಕಡೆ. ತಮಿಳರು ಇವತ್ತಿಗೂ ಅದನ್ನು ಬೆಂಗಳೂರಿನ ಹೆಸರು ಸೇರಿಸಿಯೇ ಕರೆಯುತ್ತಾರೆ. ಅದರ ಬೀಜ ಬಿಡಿಯಾಗಿ ಸಿಗುವುದಿಲ್ಲ. ಮೊಳಕೆ ಇಣುಕಿದ ಇಡೀ ಕಾಯಿಯನ್ನೇ ಓರೆಯಾಗಿ ಅರ್ಧ ಹೂಳಬೇಕು. ಒಂದು ಗಟ್ಟಿ ಚಪ್ಪರ ಹಾಕಿಕೊಟ್ಟರೆ ಒಂದೇ ಬಳ್ಳಿ ಬೀದಿಗೆಲ್ಲ ಹಂಚುವಷ್ಟು ಕೊಡುತ್ತದೆ.

ಸಿಹಿಗುಂಬಳ ಕೊಯ್ಯುವುದಕ್ಕೆ ಆತುರ ಬೇಡ. ಹೂವಾಗಿ ಒಂದೂವರೆ ತಿಂಗಳಾಗಬೇಕು. ತೊಟ್ಟು ಒಣಗಿ ಬಿರಟೆಯಂತೆ ಗಡುಸಾಗಬೇಕು, ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಬಾರದು. ಎರಡು ಮೂರು ಅಂಗುಲ ತೊಟ್ಟು ಬಿಟ್ಟೇ ಕತ್ತರಿಸಿ. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಆರಲಿ. ಆಮೇಲೆ ಮೂರು ನಾಲ್ಕು ತಿಂಗಳು ನಿಶ್ಚಿಂತೆ.

ಬೂದುಗುಂಬಳದ ಬಲಿಕೆಗೆ ಗುರುತು ಬೂದಿಯೇ. ಎಳೆಗಾಯಿಯ ಮೈಮೇಲೆ ಕೈಗೆ ಚುಚ್ಚುವ ರೋಮ ಇರುತ್ತದೆ. ಬಲಿಯುತ್ತ ರೋಮ ಉದುರಿ ಬಿಳಿ ಮೇಣದ ಪುಡಿ ಕೂರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಎಂಬ ಗಾದೆಯ ಕಳ್ಳ ಕದ್ದದ್ದು ಬಲಿತ ಬೂದುಗುಂಬಳವನ್ನೇ ಎಂಬುದರಲ್ಲಿ ಅನುಮಾನವಿಲ್ಲ. ಎಳೆಯದನ್ನು ಕದ್ದಿದ್ದರೆ ಹೆಗಲಿಗೆ ಬೂದಿ ಹತ್ತುತ್ತಿರಲಿಲ್ಲ. ಆ ಮೇಣವೇ ಕಾಯಿಯ ಕವಚ. ಅದನ್ನು ಒರೆಸಿ ತೊಳೆದು ಇಡಬೇಡಿ. ಮಲೆನಾಡಿನ ಮನೆಗಳಲ್ಲಿ ಹಗ್ಗದ ಸಿಕ್ಕದಲ್ಲಿ ಕೂರಿಸಿ ಅಟ್ಟದ ತೊಲೆಗೆ ತೂಗುಹಾಕಿದ ಬೂದುಗುಂಬಳ ಮುಂದಿನ ಮಳೆಗಾಲದವರೆಗೂ ಕೆಡದೆ ಇರುತ್ತದೆ. ಪೇಟೆಯಲ್ಲಿ ಇದಕ್ಕೆ ಗಿರಾಕಿ ಬರುವುದು ಆಯುಧಪೂಜೆಯ ದಿನ. ರಸ್ತೆಯ ನಡುವೆ ಒಡೆದು ಹಾಗೇ ಬಿಟ್ಟುಹೋಗುವವರು ಹೋಳುಗಳನ್ನು ಪಕ್ಕಕ್ಕಾದರೂ ಸರಿಸಿದರೆ ಸ್ಕೂಟರಿನಲ್ಲಿ ಬರುವವರು ಜಾರಿಬೀಳುವುದು ತಪ್ಪುತ್ತದೆ.

ಅಡುಗೆಯ ಮಾತು ತೆಗೆದರೆ ಈ ಭಾಷಣ ಮುಗಿಯುವುದಿಲ್ಲ, ಆದ್ದರಿಂದ ಚುಟುಕಾಗಿ. ಉತ್ತರ ಕರ್ನಾಟಕದವರು ಬೆಲ್ಲ ಹಾಕಿ ಕರಿಯುವ ಕುಂಬಳಕಾಯಿ ಗಾರಿಗೆಗೆ ಚೆನ್ನಾಗಿ ಬಲಿತ ಸಿಹಿಗುಂಬಳವೇ ಬೇಕು. ಮಜ್ಜಿಗೆಹುಳಿ, ಸಂಡಿಗೆ, ಕಾಶಿ ಹಲ್ವಗಳಿಗೆ ಬೂದುಗುಂಬಳ. ಪರಾಗ ಒರೆಸಿ ಮುಗಿದ ಮೇಲೆ ಮಿಕ್ಕ ಗಂಡು ಹೂಗಳನ್ನು ನಡುವಿನ ಕಡ್ಡಿ ತೆಗೆದು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿ. ಬೀಜ ತೊಳೆದು ಒಣಗಿಸಿ ಹುರಿದರೆ ಮಳೆಗಾಲದ ಸಂಜೆಗೆ ಆಯಿತು. ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದು, ಮೊದಲ ಹೊಡೆತ ಗಂಡಸರದೇ ಆಗಬೇಕು ಎಂಬ ಶಾಸ್ತ್ರ ಕೆಲವು ಮನೆಗಳಲ್ಲಿದೆ. ಹಾಗಾದರೆ ಸಿಪ್ಪೆ ಹೆರೆದು ಹೋಳು ಮಾಡುವವರೆಗೂ ಅವರೇ ಮುಂದುವರಿಸಲಿ. ಒಂದು ಎಚ್ಚರಿಕೆಯನ್ನು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಕುಂಬಳ, ಸೋರೆ, ಜುಕಿನಿ, ಸೌತೆ, ಯಾವುದೇ ಆಗಲಿ, ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗಿದು ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ.

ಕೊನೆಗೆ ಬೀಜ. ಚೆನ್ನಾಗಿ ಬಲಿತ ಕಾಯಿಯೊಂದನ್ನು ಕೊಯ್ದು ಮೂರು ವಾರ ಇಟ್ಟು, ಆಮೇಲೆ ಒಡೆದು ಬೀಜ ತೆಗೆಯಿರಿ. ತೊಳೆದು, ನೀರಿನಲ್ಲಿ ತೇಲಿದ ಜೊಳ್ಳು ಚೆಲ್ಲಿ, ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿ. ನಾಲ್ಕು ವರ್ಷದವರೆಗೂ ಮೊಳೆಯುತ್ತದೆ. ಕೆಲವು ಮನೆಗಳಲ್ಲಿ ಬೀಜಗಳನ್ನು ಸೆಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ತಟ್ಟಿಡುತ್ತಿದ್ದರು. ಒಲೆಯ ಹೊಗೆಗೆ ಹುಳ ಬರುತ್ತಿರಲಿಲ್ಲ. ಹೈಬ್ರಿಡ್ ಪೊಟ್ಟಣದ ಬೀಜದಿಂದ ಬೆಳೆದ ಕಾಯಿಯ ಬೀಜ ಇಟ್ಟುಕೊಂಡರೆ ಮರುವರ್ಷ ಅದೇ ಕಾಯಿ ಬರುತ್ತದೆಂಬ ಭರವಸೆಯಿಲ್ಲ. ಊರ ತಳಿಯಾದರೆ, ಜೊತೆಗೆ ಬೇರೆ ತಳಿಯ ಸಿಹಿಗುಂಬಳ ಹತ್ತಿರದಲ್ಲಿಲ್ಲದಿದ್ದರೆ, ಬರುತ್ತದೆ. ಶಿರಸಿಯಲ್ಲಿ ವನಸ್ತ್ರೀ ಎಂಬ ಹೆಣ್ಣುಮಕ್ಕಳ ಸಂಘಟನೆ 2001ರಿಂದ ಹಿತ್ತಲಿನ ಇಂಥ ಬೀಜಗಳನ್ನು ಉಳಿಸಿ ಹಂಚುವ ಕೆಲಸ ಮಾಡುತ್ತಿದೆ. ಪ್ರತಿ ಊರಿನಲ್ಲೂ ಅಂಥ ಸಂಘಟನೆ ಇರಬೇಕಾಗಿಲ್ಲ. ನಾಲ್ಕು ಮನೆಯಾಚೆ ಕುಂಬಳ ಬೆಳೆಯುವ ಒಬ್ಬರಾದರೂ ಇರುತ್ತಾರೆ, ಕೇಳಿದರೆ ಇಲ್ಲವೆನ್ನುವುದಿಲ್ಲ. ಕೇಳುವುದಾದರೆ ರೋಹಿಣಿ ಮಳೆಗೆ ಮೊದಲೇ ಕೇಳಿ ತನ್ನಿ. ಮಲೆನಾಡು, ಕರಾವಳಿಗಳಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಊರಿದ ಬೀಜದಲ್ಲಿ ಮೊಳೆಯುವುದಕ್ಕಿಂತ ಕೊಳೆಯುವುದೇ ಹೆಚ್ಚು.